‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

‘ಅಡ್ಜಸ್ಟ್ ವಿತ್’ ಸರಿಯೋ, ‘ಅಡ್ಜಸ್ಟ್ ಟು’ ಸರಿಯೋ? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಬೆಂಗಳೂರಿನ ಆಫೀಸುಗಳಿಗೆ ಹೊಸದಾಗಿ ಸೇರಿದವರು ಕೇಳುತ್ತಾರೆ. ಇಂಟರ್‌ವ್ಯೂಗೆ ತಯಾರಾಗುತ್ತಿರುವವರು ಕೇಳುತ್ತಾರೆ. ಮಕ್ಕಳ ಹೋಂವರ್ಕ್ ನೋಡುವ ಅಮ್ಮಂದಿರೂ ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ, ‘ಟು’ ಸರಿ. ಆದರೆ ಅಷ್ಟು ಹೇಳಿ ಕಳಿಸಿದರೆ ಮುಂದಿನ ವಾರ ಅದೇ ತಪ್ಪು ಬೇರೆ ವೇಷದಲ್ಲಿ ವಾಪಸ್ ಬರುತ್ತದೆ. ಯಾಕೆ ಗೊತ್ತಾ? ನಾವು ದಿನಕ್ಕೆ ಹತ್ತು ಸಲ ಹೇಳುವ ‘ಅಡ್ಜಸ್ಟ್’ ಈಗ ಕನ್ನಡದ್ದೇ ಪದ ಆಗಿಹೋಗಿದೆ. ಇಂಗ್ಲಿಷಿನಲ್ಲಿ ಅದು ಮಾಡುವ ಕೆಲಸಕ್ಕಿಂತ ನಮ್ಮಲ್ಲಿ ಮಾಡುವ ಕೆಲಸ ಜಾಸ್ತಿ. ಆ ಜಾಸ್ತಿ ಕೆಲಸವನ್ನು ಹಾಗೇ ಇಂಗ್ಲಿಷಿಗೆ ಎತ್ತಿಕೊಂಡು ಹೋದಾಗಲೇ ತಪ್ಪಾಗುವುದು.

ಇದನ್ನು ಸರಿಮಾಡಿಕೊಳ್ಳಲು ದೊಡ್ಡ ತಯಾರಿ ಏನೂ ಬೇಡ. ಒಂದು ನೋಟ್‌ಬುಕ್, ಕೈಲಿರುವ ಫೋನು, ನೀವು ಕಳೆದ ವಾರ ಬರೆದ ನಾಲ್ಕೈದು ಮೇಲ್‌ಗಳು, ಒಂದು ದಿನದ ಗಮನ, ಆಮೇಲೆ ಒಂದು ಅರ್ಧ ಗಂಟೆ. ಸಾಕು.

ಹಂತ 1: ನಿಮ್ಮ ಬಾಯಲ್ಲಿ ಬರುವ ಅಡ್ಜಸ್ಟ್‌ಗಳನ್ನು ಬರೆದಿಟ್ಟುಕೊಳ್ಳಿ

ಒಂದು ದಿನ ಪೂರ್ತಿ ಗಮನ ಇಡಿ. ನೀವು ಹೇಳಿದ್ದು, ಬೇರೆಯವರು ನಿಮಗೆ ಹೇಳಿದ್ದು, ಎರಡನ್ನೂ ಬರೆಯಿರಿ. ಬೆಳಿಗ್ಗೆ ದರ್ಶಿನಿಯಲ್ಲಿ ತಟ್ಟೆ ಹಿಡಿದು ‘ಇಲ್ಲೇ ಅಡ್ಜಸ್ಟ್ ಮಾಡ್ಕೊಳ್ಳೋಣ’ ಅಂದಿರುತ್ತೀರಿ. ಕಂಡಕ್ಟರ್ ‘ಚಿಲ್ಲರೆ ಇಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದಿರುತ್ತಾರೆ. ಗ್ಯಾರೇಜಿನಲ್ಲಿ ‘ಬ್ರೇಕ್ ಸ್ವಲ್ಪ ಅಡ್ಜಸ್ಟ್ ಮಾಡಪ್ಪ’ ಅಂದಿರುತ್ತೀರಿ. ಮನೆ ಓನರ್ ಹತ್ತಿರ ‘ಕೊನೇ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಅಡ್ಜಸ್ಟ್ ಮಾಡಿ’ ಅಂದಿರುತ್ತೀರಿ. ಹೊಸದಾಗಿ ಮದುವೆಯಾದವರ ಬಗ್ಗೆ ‘ಹುಡುಗಿ ಗಂಡನ ಮನೆಯವರ ಜೊತೆ ಚೆನ್ನಾಗಿ ಅಡ್ಜಸ್ಟ್ ಆಗಿದ್ದಾಳೆ’ ಅನ್ನುವ ಮಾತು ಕಿವಿಗೆ ಬಿದ್ದಿರುತ್ತದೆ.

ಈಗ ಪ್ರತಿಯೊಂದರ ಪಕ್ಕ, ಅಡ್ಜಸ್ಟ್ ಅನ್ನುವ ಪದವನ್ನೇ ಬಳಸದೆ, ಅದೇ ಮಾತನ್ನು ಕನ್ನಡದಲ್ಲಿ ಬರೆಯಿರಿ. ಒಂದು ಕಡೆ ‘ಸರಿದುಕೊ’ ಬರುತ್ತದೆ, ಇನ್ನೊಂದು ಕಡೆ ‘ಸುಧಾರಿಸಿಕೊ’. ಬ್ರೇಕ್‌ಗೆ ‘ಸರಿಮಾಡು’, ಬಾಡಿಗೆಗೆ ‘ಮುರಿದುಕೊ’, ಹುಡುಗಿಗೆ ‘ಹೊಂದಿಕೊ’. ಒಂದೇ ಪದದ ಹೊಟ್ಟೆಯಲ್ಲಿ ಐದು ಬೇರೆ ಬೇರೆ ಕ್ರಿಯಾಪದ ಇವೆ, ಅಲ್ವಾ? ಈ ಪಟ್ಟಿಯೇ ಮುಂದಿನ ಹಂತಗಳಿಗೆಲ್ಲ ಆಧಾರ. ದಯವಿಟ್ಟು ಇದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

ಹಂತ 2: ಪದದ ತವರು ತಿಳಿದುಕೊಳ್ಳಿ

ಮೂಲ ಗೊತ್ತಾದರೆ ಅರ್ಥ ತಲೆಯಲ್ಲಿ ನಿಲ್ಲುತ್ತದೆ. ಅಡ್ಜಸ್ಟ್ ಇಂಗ್ಲಿಷಿಗೆ ಬಂದಿದ್ದು ಫ್ರೆಂಚ್ ಭಾಷೆಯಿಂದ. ಅದರ ಹಿಂದೆ ಲ್ಯಾಟಿನ್ನಿನ ಎರಡು ತುಂಡುಗಳಿವೆ. ‘ಅದ್’ ಅಂದರೆ ಕಡೆಗೆ. ‘ಯುಕ್ಸ್ತಾ’ ಅಂದರೆ ಹತ್ತಿರ, ಪಕ್ಕದಲ್ಲಿ. ಎರಡೂ ಸೇರಿದರೆ ‘ಪಕ್ಕಕ್ಕೆ ತರು, ಹತ್ತಿರ ಸೇರಿಸು’.

ಈಗ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನ ಕೊನೆಯ ಉದ್ದ ಸೀಟನ್ನು ನೆನಪು ಮಾಡಿಕೊಳ್ಳಿ. ಸೀಟು ತುಂಬಿದೆ. ಇನ್ನೊಬ್ಬರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಅನ್ನುತ್ತಾರೆ. ಕಿಟಕಿ ಪಕ್ಕದವರು ಭುಜ ಓರೆ ಮಾಡುತ್ತಾರೆ. ಮಧ್ಯದವರು ಬ್ಯಾಗನ್ನು ತೊಡೆ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ. ಮಂಡಿಗೆ ಮಂಡಿ ತಾಗುತ್ತದೆ. ಕೊನೆಗೆ ಒಂದು ಗೇಣು ಜಾಗ ಆಗುತ್ತದೆ, ಬಂದವರು ಅದರ ತುದಿಯಲ್ಲಿ ಕೂರುತ್ತಾರೆ. ‘ಪಕ್ಕಕ್ಕೆ ತರು’ ಅಂದರೆ ಇದೇ! ಲ್ಯಾಟಿನ್ ಗೊತ್ತಿಲ್ಲದ ನಮ್ಮ ಬಸ್ಸಿನ ಜನ ಆ ಪದದ ಹಳೆಯ ಅರ್ಥವನ್ನು ತಾವಾಗಿಯೇ ಮುಟ್ಟಿದ್ದಾರೆ. ಈ ಪದದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಇನ್ನೂ ಹಿಂದಕ್ಕೆ ಹೋದರೆ ‘ಯುಕ್ಸ್ತಾ’ದ ಬೇರು ‘ಜೋಡಿಸು’ ಅನ್ನುವ ಅರ್ಥದ್ದು. ಸಂಸ್ಕೃತದ ‘ಯುಜ್’ ಧಾತು ಕೂಡ ಅದೇ ಬೇರಿನಿಂದ ಬಂದಿದೆ. ಹಾಗಾಗಿ ಯೋಗ, ಸಂಯೋಗ, ಯುಗಳ ಗೀತೆಯ ಯುಗಳ, ಇವೆಲ್ಲ ಅಡ್ಜಸ್ಟ್‌ಗೆ ದೂರದ ದಾಯಾದಿಗಳು. ಇಂಗ್ಲಿಷಿನಲ್ಲೇ ಹತ್ತಿರದ ಸಂಬಂಧಿಕರು ಬೇಕು ಅಂದರೆ ‘ಜಕ್ಸ್ಟಪೊಸಿಷನ್’ ಇದೆ. ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದು ಅಂತ ಅದರ ಅರ್ಥ. ‘ಜೌಸ್ಟ್’ ಕೂಡ ಇದೇ ಮನೆತನದ್ದು. ಯುರೋಪಿನ ಯೋಧರು ಕುದುರೆ ಏರಿ, ಈಟಿ ಹಿಡಿದು, ಎದುರುಬದುರು ನುಗ್ಗುವ ಕಾಳಗದ ಹೆಸರು ಅದು. ಹತ್ತಿರ ಬರುವುದು ಅಂದರೆ ಕೈಕೈ ಮಿಲಾಯಿಸುವುದೂ ಆಗಬಹುದಲ್ಲ!

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಅಡ್ಜಸ್ಟ್‌ನಲ್ಲಿ ‘ಜಸ್ಟ್’ ಕಾಣುತ್ತದೆ. ಹಾಗಾಗಿ ಇದಕ್ಕೂ ‘ಜಸ್ಟಿಸ್’ಗೂ, ಅಂದರೆ ನ್ಯಾಯಕ್ಕೂ, ಸಂಬಂಧ ಇದೆ ಅಂದುಕೊಳ್ಳುತ್ತಾರೆ. ಮೂಲದಲ್ಲಿ ಸಂಬಂಧ ಇಲ್ಲ. ನ್ಯಾಯದ ‘ಜಸ್ಟ್’ ಬಂದಿದ್ದು ಲ್ಯಾಟಿನ್ನಿನ ಬೇರೆ ಪದದಿಂದ. ಆದರೆ ಯುರೋಪಿನವರಿಗೂ ಹಿಂದೆ ಇದೇ ಗೊಂದಲ ಆಗಿತ್ತು. ಎರಡೂ ಒಂದೇ ಅಂದುಕೊಂಡು ಬಳಸುತ್ತಾ ಹೋದಂತೆ ‘ಸರಿಯಾಗಿ ಕೂರಿಸು, ಅಳತೆಗೆ ತರು’ ಅನ್ನುವ ಅರ್ಥ ಗಟ್ಟಿಯಾಯಿತು.

17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಎರಡು ಕೆಲಸ ಇತ್ತು. ಒಂದಕ್ಕೊಂದು ತಾಳೆಯಾಗದ ಸಂಗತಿಗಳನ್ನು ಹೊಂದಿಸುವುದು ಒಂದು. ನಷ್ಟದ ಲೆಕ್ಕ ಕಟ್ಟುವುದು ಇನ್ನೊಂದು. ಎರಡನೆಯದು ವಿಮೆಯಲ್ಲಿ ಇವತ್ತಿಗೂ ಉಳಿದಿದೆ. ನಮ್ಮಲ್ಲಿ ನಷ್ಟ ಎಷ್ಟಾಗಿದೆ ಅಂತ ನೋಡಲು ವಿಮೆ ಕಂಪನಿ ಕಡೆಯಿಂದ ಬರುವವರನ್ನು ‘ಸರ್ವೇಯರ್’ ಅನ್ನುತ್ತೇವೆ. ಅದೇ ಕೆಲಸ ಮಾಡುವವರು ಇಂಗ್ಲೆಂಡ್‌ನಲ್ಲಿ ‘ಲಾಸ್ ಅಡ್ಜಸ್ಟರ್’. ಹೊಸ ಜಾಗಕ್ಕೆ ಒಗ್ಗಿಕೊಳ್ಳುವುದು ಅನ್ನುವ ಅರ್ಥ ಸೇರಿಕೊಂಡಿದ್ದು ಇದಕ್ಕಿಂತ ತುಂಬಾ ಈಚೆಗೆ.

ಉಚ್ಚಾರಣೆ ಬಗ್ಗೆ ಎರಡೇ ಮಾತು. ಕಾಗುಣಿತದಲ್ಲಿ ‘ಡಿ’ ಇದ್ದರೂ ಇಂಗ್ಲಿಷಿನವರು ಅದನ್ನು ಬೇರೆಯಾಗಿ ಹೇಳುವುದಿಲ್ಲ. ‘ಅಜಸ್ಟ್’ ಅಂತ, ‘ಜ’ ಮೇಲೆ ಒತ್ತು ಕೊಟ್ಟು ಹೇಳುತ್ತಾರೆ. ನೀವು ಅಡ್ಜಸ್ಟ್ ಅಂದರೂ ಅವರಿಗೆ ಅರ್ಥ ಆಗುತ್ತದೆ, ಚಿಂತೆ ಬೇಡ. ಬರೆಯುವಾಗ ಮಾತ್ರ ‘ಡಿ’ ಬಿಡಬೇಡಿ.

ಹಂತ 3: ‘ಮಾಡು’, ‘ಆಗು’, ‘ಮಾಡಿಕೊ’ ಬೇರೆ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದಲು ಸಮಯ ಇದ್ದರೆ ಇದನ್ನೇ ಓದಿ. ನಿಮ್ಮ ಪಟ್ಟಿ ತೆಗೆಯಿರಿ. ಕನ್ನಡದಲ್ಲಿ ನಾವು ಅಡ್ಜಸ್ಟ್ ಪದವನ್ನು ಒಂಟಿಯಾಗಿ ಬಿಡುವುದಿಲ್ಲ, ಪಕ್ಕದಲ್ಲಿ ಒಂದು ಕನ್ನಡ ಕ್ರಿಯಾಪದ ಇರುತ್ತದೆ. ಉತ್ತರ ಸಿಗುವುದು ಅಲ್ಲೇ.

ಮೊದಲನೆಯದು ‘ಅಡ್ಜಸ್ಟ್ ಮಾಡು’. ಶಾಲೆಯಲ್ಲಿ ಕಲಿತ ಸಕರ್ಮಕ ಕ್ರಿಯಾಪದ ನೆನಪಿದೆಯಾ? ‘ಏನನ್ನು?’ ಅಂತ ಕೇಳಿದರೆ ಉತ್ತರ ಸಿಗಬೇಕು. ‘ಕನ್ನಡಿ ಅಡ್ಜಸ್ಟ್ ಮಾಡು.’ ಏನನ್ನು? ಕನ್ನಡಿಯನ್ನು. ಉತ್ತರ ಸಿಕ್ಕಿತು. ಅಂದಮೇಲೆ ಇಂಗ್ಲಿಷಿನಲ್ಲೂ ಧೈರ್ಯವಾಗಿ ‘ಅಡ್ಜಸ್ಟ್ ದ ಮಿರರ್’ ಅನ್ನಬಹುದು. ಬ್ರೇಕು, ಚೈನು, ಕುರ್ಚಿಯ ಎತ್ತರ, ಹೆಲ್ಮೆಟ್ ಪಟ್ಟಿ, ಫೋನಿನ ಬೆಳಕು, ಮೀಟಿಂಗ್ ಸಮಯ, ಎಲ್ಲಕ್ಕೂ ಇದು ಸರಿಹೋಗುತ್ತದೆ. ಈ ವಿಷಯದಲ್ಲಿ ನಮ್ಮ ಗ್ಯಾರೇಜಿನವರ ಇಂಗ್ಲಿಷ್ ಪಕ್ಕಾ.

ಒಂದು ಷರತ್ತು ಇದೆ: ಬದಲಾವಣೆ ಚಿಕ್ಕದಿರಬೇಕು. ತಿರುಗಿಸಿ, ಎಳೆದು, ಒಂಚೂರು ಆಚೀಚೆ ಮಾಡಿ ಸರಿಹೊಂದಿಸುವಂತಿದ್ದರೆ ಅಡ್ಜಸ್ಟ್. ಬ್ಲೌಸಿನ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು ಅಂದರೆ ಅದು ‘ಆಲ್ಟರ್’. ಟೈಲರ್ ಅಂಗಡಿಯಲ್ಲಿ ನಾವು ‘ಆಲ್ಟ್ರೇಷನ್’ ಅನ್ನುವುದು ಸರಿಯಾಗೇ ಇದೆ.

ಎರಡನೆಯದು ‘ಅಡ್ಜಸ್ಟ್ ಆಗು’. ಇಲ್ಲಿ ‘ಏನನ್ನು?’ ಅಂತ ಕೇಳಿದರೆ ಉತ್ತರ ಇಲ್ಲ. ಇದು ಅಕರ್ಮಕ. ಆದರೆ ‘ಯಾವುದಕ್ಕೆ?’ ಅಂತ ಕೇಳಿದರೆ ಉತ್ತರ ಇದೆ. ‘ಮಗಳು ಹೊಸ ಶಾಲೆಗೆ ಅಡ್ಜಸ್ಟ್ ಆದಳು.’ ಯಾವುದಕ್ಕೆ? ಶಾಲೆಗೆ. ಕನ್ನಡದ ಆ ‘ಗೆ’, ‘ಕ್ಕೆ’ ಪ್ರತ್ಯಯವೇ ಇಂಗ್ಲಿಷಿನ ‘ಟು’. ‘ಶಿ ಅಡ್ಜಸ್ಟೆಡ್ ಟು ದ ನ್ಯೂ ಸ್ಕೂಲ್.’ ಕನ್ನಡದ ಚತುರ್ಥಿ ವಿಭಕ್ತಿ ನಿಮಗೆ ದಾರಿ ತೋರಿಸುತ್ತದೆ, ಬೇರೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ.

ಮೂರನೆಯದು ‘ಅಡ್ಜಸ್ಟ್ ಮಾಡಿಕೊ’. ತೊಂದರೆ ಎಲ್ಲ ಇರುವುದು ಇಲ್ಲೇ. ‘ಏನನ್ನು?’ ಅಂದರೂ ಉತ್ತರ ಇಲ್ಲ, ‘ಯಾವುದಕ್ಕೆ?’ ಅಂದರೂ ಸರಿಯಾದ ಉತ್ತರ ಇಲ್ಲ. ಇದರ ಅರ್ಥ ‘ಸುಧಾರಿಸಿಕೊ, ಸಹಿಸಿಕೊ, ಇದ್ದಿದ್ದರಲ್ಲಿ ನಡೆಸು’. ಭಾರ ಪೂರ್ತಿ ಎದುರಿನವರ ಮೇಲೆ. ಇಂಗ್ಲಿಷಿನ ಅಡ್ಜಸ್ಟ್‌ಗೆ ಈ ಅರ್ಥ ಇಲ್ಲವೇ ಇಲ್ಲ. ಹೊರದೇಶದ ಸಹೋದ್ಯೋಗಿಗೆ ನೀವು ಸುಮ್ನೆ ‘ಪ್ಲೀಸ್ ಅಡ್ಜಸ್ಟ್’ ಅಂತ ಬರೆದರೆ ಅವರು ‘ಏನನ್ನು ಅಡ್ಜಸ್ಟ್ ಮಾಡಬೇಕು?’ ಅಂತ ಹುಡುಕುತ್ತಾ ಕೂರುತ್ತಾರೆ. ನಿಮ್ಮ ಪಟ್ಟಿಯಲ್ಲಿ ‘ಮಾಡಿಕೊ’ ಇರುವ ಎಲ್ಲ ಸಾಲಿಗೂ ಕೆಂಪು ಗೆರೆ ಎಳೆಯಿರಿ. ಅವಕ್ಕೆ ಹಂತ 5ರಲ್ಲಿ ಬೇರೆ ಪದ ಹುಡುಕೋಣ.

ಹಂತ 4: ಟು, ಫಾರ್, ವಿತ್

‘ಟು’ ನೋಡಿದ್ದಾಯಿತು. ಅದರಲ್ಲೇ ಒಂದು ಚಿಕ್ಕ ಎಚ್ಚರಿಕೆ ಇದೆ. ‘ಅಡ್ಜಸ್ಟ್ ಟು’ ಆದಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು. ರಾತ್ರಿ ಪಾಳಿಗೆ ಒಗ್ಗಿಕೊಂಡಿದ್ದೇನೆ ಅನ್ನಲು ‘ಐ ಹ್ಯಾವ್ ಅಡ್ಜಸ್ಟೆಡ್ ಟು ವರ್ಕಿಂಗ್ ನೈಟ್ಸ್’. ‘ಟು ವರ್ಕ್ ನೈಟ್ಸ್’ ಅಂದರೆ ತಪ್ಪು.

‘ಫಾರ್’ ಬಂದರೆ ‘ಅದನ್ನೂ ಲೆಕ್ಕಕ್ಕೆ ತಗೊಂಡು’ ಅಂತ ಅರ್ಥ. ಪತ್ರಿಕೆಗಳಲ್ಲಿ ‘ಅಡ್ಜಸ್ಟೆಡ್ ಫಾರ್ ಇನ್‌ಫ್ಲೇಷನ್’ ಅಂತ ಓದಿರುತ್ತೀರಿ. ಬೆಲೆ ಏರಿಕೆಯನ್ನು ಲೆಕ್ಕ ಹಿಡಿದು ಹೇಳಿದ ಅಂಕಿ ಅಂತ. ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಕೊಡುವುದರ ಹಿಂದೆ ಇರುವುದೂ ಇದೇ ಯೋಚನೆ.

‘ವಿತ್’ ನಮಗೆ ಬಂದಿದ್ದು ಕನ್ನಡದ ‘ಜೊತೆ’ಯಿಂದ. ‘ಅವರ ಜೊತೆ ಅಡ್ಜಸ್ಟ್ ಆಗು’ ಅನ್ನುವುದನ್ನು ಹಾಗೇ ತಿರುಗಿಸಿ ‘ಅಡ್ಜಸ್ಟ್ ವಿತ್ ದೆಮ್’ ಅನ್ನುತ್ತೇವೆ. ಭಾರತದ ಒಳಗೆ ಎಲ್ಲರಿಗೂ ಅರ್ಥವಾಗುತ್ತದೆ, ಹಿಂದಿ, ತಮಿಳು ಮಾತಾಡುವವರೂ ಹೀಗೇ ಹೇಳುತ್ತಾರೆ. ಹೊರಗಿನವರಿಗೆ ಬರೆಯುವಾಗ ಮಾತ್ರ ಬೇಡ. ಹಾಗಂತ ‘ವಿತ್’ ಕಂಡ ಕಡೆಯಲ್ಲೆಲ್ಲ ಹೊಡೆದುಹಾಕಬೇಡಿ. ಸಾಧನ ಹೇಳುವಾಗ ಅದು ಸರಿ: ‘ಅಡ್ಜಸ್ಟ್ ದ ಸೀಟ್ ವಿತ್ ದಿಸ್ ಲಿವರ್.’ ಈ ಲಿವರ್‌ನಿಂದ ಸೀಟನ್ನು ಸರಿಮಾಡಿ ಅಂತ.

ಹಂತ 5: ಕೆಂಪು ಗೆರೆ ಎಳೆದ ಸಾಲುಗಳಿಗೆ ಸರಿಯಾದ ಪದ ಹಾಕಿ

ಜಾಗ ಕೇಳುವಾಗ: ‘ಕುಡ್ ಯು ಮೂವ್ ಓವರ್ ಅ ಬಿಟ್, ಪ್ಲೀಸ್?’ ಇನ್ನೂ ಮರ್ಯಾದೆಯಾಗಿ ಕೇಳಬೇಕು ಅಂದರೆ ‘ವುಡ್ ಯು ಮೈಂಡ್ ಮೂವಿಂಗ್ ಓವರ್ ಅ ಬಿಟ್?’ ಕನ್ನಡದಲ್ಲಿ ‘ಸ್ವಲ್ಪ’ವೂ ‘ಕೊಳ್ಳಿ’ಯೂ ಸೇರಿ ಮಾತನ್ನು ಮೆತ್ತಗೆ ಮಾಡುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ಪ್ರಶ್ನೆಯ ರೂಪ. ‘ಪ್ಲೀಸ್’ ಒಂದನ್ನೇ ಸೇರಿಸಿ ‘ಪ್ಲೀಸ್ ಮೂವ್’ ಅಂದರೆ ಆಜ್ಞೆ ಮಾಡಿದ ಹಾಗೆ ಕೇಳುತ್ತದೆ. ಇನ್ನೊಂದು ವಿಷಯ. ‘ವುಡ್ ಯು ಮೈಂಡ್’ ಅಂದರೆ ‘ನಿಮಗೆ ಬೇಜಾರಾ?’ ಅಂತ. ಯಾರಾದರೂ ನಿಮ್ಮನ್ನು ಹಾಗೆ ಕೇಳಿದಾಗ ಒಪ್ಪಿಗೆ ಇದ್ದರೆ ‘ನಾಟ್ ಅಟ್ ಆಲ್’ ಅನ್ನಿ. ಉತ್ಸಾಹದಲ್ಲಿ ‘ಯೆಸ್’ ಅಂದರೆ ‘ಹೌದು, ಬೇಜಾರು’ ಅಂದ ಹಾಗಾಗುತ್ತದೆ.

ಕೆಲಸ ತಡವಾದಾಗ: ‘ಪ್ಲೀಸ್ ಬೇರ್ ವಿತ್ ಅಸ್.’ ಸ್ವಲ್ಪ ತಾಳ್ಮೆ ಇರಲಿ ಅಂತ. ಇದನ್ನೊಂದೇ ಬರೆದು ನಿಲ್ಲಿಸಬೇಡಿ, ಯಾವ ದಿನ ಮುಗಿಸುತ್ತೀರಿ ಅಂತ ಜೊತೆಗೆ ಬರೆಯಿರಿ. ಈ ‘ಬೇರ್’ ಕಾಗುಣಿತ ಕರಡಿಯದ್ದೇ: ಬಿ, ಇ, ಎ, ಆರ್. ಬಿ, ಎ, ಆರ್, ಇ ಅಂತ ಬರೆದರೆ ಅದು ‘ಬೆತ್ತಲೆ’ ಆಗುತ್ತದೆ. ಕಳಿಸುವ ಮುಂಚೆ ಈ ಒಂದು ಪದವನ್ನು ಎರಡು ಸಲ ನೋಡಿ.

ಇದ್ದಿದ್ದರಲ್ಲಿ ನಡೆಸುವಾಗ: ‘ಮೇಕ್ ಡೂ ವಿತ್’. ಪ್ರೊಜೆಕ್ಟರ್ ಇಲ್ಲ, ಲ್ಯಾಪ್‌ಟಾಪ್‌ನಲ್ಲೇ ತೋರಿಸಬೇಕು ಅಂದರೆ ‘ವಿ ವಿಲ್ ಹ್ಯಾವ್ ಟು ಮೇಕ್ ಡೂ ವಿತ್ ದ ಲ್ಯಾಪ್‌ಟಾಪ್.’

ಜನರ ಜೊತೆ ಹೊಂದಿಕೊಳ್ಳುವಾಗ: ‘ಗೆಟ್ ಅಲಾಂಗ್ ವಿತ್’. ‘ಐ ಗೆಟ್ ಅಲಾಂಗ್ ವೆಲ್ ವಿತ್ ಮೈ ಟೀಮ್.’ ಇಲ್ಲಿ ‘ವಿತ್’ ಬರಲೇಬೇಕು.

ಶಿಫ್ಟ್ ವಿಷಯದಲ್ಲಿ: ‘ನಾಳೆ ನನ್ನ ಶಿಫ್ಟ್ ಅಡ್ಜಸ್ಟ್ ಮಾಡ್ಕೊ’ ಅಂದರೆ ನನ್ನ ಬದಲು ನೀನು ಮಾಡು ಅಂತ ತಾನೇ? ‘ಕುಡ್ ಯು ಕವರ್ ಮೈ ಶಿಫ್ಟ್ ಟುಮಾರೋ?’

ಬಾಡಿಗೆಯ ಮಾತಿಗೆ ಕೆಂಪು ಗೆರೆ ಬಿದ್ದಿರುವುದಿಲ್ಲ, ಆದರೂ ಅದನ್ನು ಸ್ವಲ್ಪ ನಿಧಾನವಾಗಿ ಓದಿ, ಇದರಲ್ಲಿ ದುಡ್ಡು ಸೇರಿಕೊಂಡಿದೆ. ಇಲ್ಲಿ ತಪ್ಪಾಗುವುದು ಎರಡು ಪದಗಳಲ್ಲಿ. ಬೆಂಗಳೂರಿನಲ್ಲಿ ನಾವು ‘ಅಡ್ವಾನ್ಸ್’ ಅನ್ನುವುದು ಮನೆ ಬಿಡುವಾಗ ವಾಪಸ್ ಬರಬೇಕಾದ ದುಡ್ಡು. ಇಂಗ್ಲಿಷಿನಲ್ಲಿ ಅದು ‘ಡಿಪಾಸಿಟ್’. ‘ಅಡ್ವಾನ್ಸ್’ ಅಂದರೆ ಮುಂಗಡ, ಮುಂದೆ ಕೊಡಬೇಕಾದ್ದನ್ನು ಈಗಲೇ ಕೊಡುವುದು. ‘ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್’ ಅನ್ನುವುದನ್ನು ಹೊರಗಿನವರು ಹತ್ತು ತಿಂಗಳು ಬಾಡಿಗೆ ಕೊಡಬೇಕಾಗಿಲ್ಲ ಅಂತ ತಿಳಿದುಕೊಂಡಾರು. ಹಾಗಾಗಿ ಮೇಲ್ ಬರೆಯುವಾಗ ಬಿಡಿಸಿ ಬರೆಯಿರಿ: ‘ಪ್ಲೀಸ್ ಡಿಡಕ್ಟ್ ದ ಲಾಸ್ಟ್ ಟೂ ಮಂತ್ಸ್ ರೆಂಟ್ ಫ್ರಮ್ ದ ಡಿಪಾಸಿಟ್.’ ಡಿಡಕ್ಟ್ ಅಂದರೆ ಮುರಿದುಕೊಳ್ಳುವುದು. ಮೊತ್ತ ಎಷ್ಟು, ಉಳಿದಿದ್ದು ಎಷ್ಟು ಅಂತ ಅಂಕಿಯಲ್ಲೂ ಬರೆಯಿರಿ.

ಇಂಟರ್‌ವ್ಯೂನಲ್ಲಿ: ‘ಐ ಕ್ಯಾನ್ ಅಡ್ಜಸ್ಟ್ ವಿತ್ ಎನಿ ಎನ್ವಿರಾನ್ಮೆಂಟ್’ ಅನ್ನುವ ಸಾಲನ್ನು ನಮ್ಮ ಕಡೆಯ ಎಷ್ಟೋ ಹುಡುಗರು, ಹುಡುಗಿಯರು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಬದಲಿಗೆ ‘ಐ ಅಡಾಪ್ಟ್ ಕ್ವಿಕ್ಲಿ ಟು ನ್ಯೂ ಟೂಲ್ಸ್ ಅಂಡ್ ಟೀಮ್ಸ್’ ಅನ್ನಿ. ಅಡ್ಜಸ್ಟ್ ಅಂದರೆ ಒಂಚೂರು ಸರಿಹೊಂದಿಸಿಕೊಳ್ಳುವುದು. ‘ಅಡಾಪ್ಟ್’ ಅಂದರೆ ಹೊಸ ಪರಿಸ್ಥಿತಿಗೆ ತಕ್ಕಂತೆ ನಮ್ಮ ರೀತಿಯನ್ನೇ ಬದಲಿಸಿಕೊಳ್ಳುವುದು. ಕೆಲಸ ಕೊಡುವವರು ಕೇಳಲು ಬಯಸುವುದು ಎರಡನೆಯದನ್ನು. ಅಡಾಪ್ಟ್ ಬೇರೆ, ‘ಅಡಾಪ್ಟ್’ನಂತೆಯೇ ಕೇಳಿಸುವ ದತ್ತು ತಗೊಳ್ಳುವ ಪದ ಬೇರೆ. ಮೊದಲನೆಯದರಲ್ಲಿ ನಡುವೆ ‘ಎ’ ಅಕ್ಷರ, ಎರಡನೆಯದರಲ್ಲಿ ‘ಓ’. ಹೇಳಿದ್ದಕ್ಕೆ ಒಂದು ಉದಾಹರಣೆಯನ್ನೂ ಸೇರಿಸಿ: ಯಾವ ಹೊಸ ಸಾಫ್ಟ್‌ವೇರ್ ಎಷ್ಟು ದಿನದಲ್ಲಿ ಕಲಿತಿರಿ, ಯಾವ ಊರಿಂದ ಬಂದು ಹೇಗೆ ನಿಭಾಯಿಸಿದಿರಿ.

ಹಂತ 6: ಮಸುಕಾದ ‘ಅಡ್ಜಸ್ಟ್‌ಮೆಂಟ್’ ಕೇಳಿದರೆ ನಿಂತು ಪ್ರಶ್ನೆ ಕೇಳಿ

ಇಂಗ್ಲಿಷಿನ ‘ಅಡ್ಜಸ್ಟ್‌ಮೆಂಟ್’ಗೆ ಯಾವ ಕಳಂಕವೂ ಇಲ್ಲ. ಬಿಲ್ ಜೊತೆ ‘ಅಡ್ಜಸ್ಟ್‌ಮೆಂಟ್’ ಅಂತ ಬಂದರೆ ಲೆಕ್ಕ ತಿದ್ದಿದ್ದಾರೆ ಅಂತ ಅಷ್ಟೇ. ನಮ್ಮಲ್ಲಿ ಹಾಗಲ್ಲ. ‘ಅಡ್ಜಸ್ಟ್‌ಮೆಂಟ್ ರಾಜಕೀಯ’ ಅಂದರೆ ಎದುರಾಳಿಗಳು ಒಳಗೊಳಗೇ ಕೈ ಜೋಡಿಸಿದ್ದಾರೆ ಅನ್ನುವ ಆರೋಪ. ಕೌಂಟರಿನ ಆಚೆಯಿಂದ ‘ಏನಾದರೂ ಅಡ್ಜಸ್ಟ್ ಮಾಡಿ’ ಅಂದರೆ ಲಂಚದ ಸೂಚನೆ ಇರಬಹುದು. ಕೆಲಸ ಕೊಡಿಸುತ್ತೇವೆ, ಅವಕಾಶ ಕೊಡಿಸುತ್ತೇವೆ ಅನ್ನುವವರು ಹೆಣ್ಣುಮಕ್ಕಳಿಗೆ ಈ ಪದ ಹೇಳಿದರೆ ಇನ್ನೂ ಕೆಟ್ಟ ಅರ್ಥ ಇರಬಹುದು. ಅರ್ಥ ಬಾಯಿಬಿಟ್ಟು ಹೇಳದೆ ಕೆಲಸ ಮಾಡಿಸಿಕೊಳ್ಳುವವರಿಗೆ ಈ ಪದ ತುಂಬಾ ಅನುಕೂಲ.

ಅದಕ್ಕೆ ನೀವು ಮಾಡಬೇಕಾದ್ದು ಹಂತ 3ರ ಅದೇ ಪ್ರಶ್ನೆ: ‘ಏನನ್ನು ಅಡ್ಜಸ್ಟ್ ಮಾಡಬೇಕು, ಬಿಡಿಸಿ ಹೇಳಿ.’ ಸಾಧ್ಯವಾದರೆ ಬರವಣಿಗೆಯಲ್ಲಿ ಕೇಳಿ. ಇಂಗ್ಲಿಷಿನಲ್ಲಾದರೆ ‘ವಾಟ್ ಎಕ್ಸಾಕ್ಟ್ಲಿ ಡು ಯು ವಾಂಟ್ ಮಿ ಟು ಡು?’ ಅವರದ್ದು ನೇರವಾದ ಮಾತಾಗಿದ್ದರೆ ನೇರ ಉತ್ತರ ಬರುತ್ತದೆ. ಉತ್ತರ ತಪ್ಪಿಸಿಕೊಂಡರೆ ನೀವೂ ಅಲ್ಲಿಂದ ಹೊರಡಿ. ಇಷ್ಟು ಕೇಳಲು ಯಾರೂ ಸಂಕೋಚ ಪಡಬೇಕಾಗಿಲ್ಲ.

ಹಂತ 7: ನಿಘಂಟಿನಲ್ಲಿ ನೋಡಿ, ಕೈಯಾರೆ ಬರೆಯಿರಿ

ಕೇಂಬ್ರಿಜ್, ಆಕ್ಸ್‌ಫರ್ಡ್ ಅವರ ಕಲಿಯುವವರ ನಿಘಂಟುಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಅರ್ಥ ಮಾತ್ರ ಓದಿ ಮುಚ್ಚಬೇಡಿ. ಕೇಂಬ್ರಿಜ್‌ನಲ್ಲಿ ಪದದ ಪಕ್ಕ ‘ಟಿ’ ಅಕ್ಷರ ಇದ್ದರೆ ಸಕರ್ಮಕ, ‘ಐ’ ಇದ್ದರೆ ಅಕರ್ಮಕ. ಕೆಳಗಿನ ಉದಾಹರಣೆ ವಾಕ್ಯಗಳಲ್ಲಿ ಪದದ ಹಿಂದೆ ಮುಂದೆ ಏನಿದೆ ಅಂತ ನೋಡಿ. ‘ಅಡ್ಜಸ್ಟ್ ಟು’ ಅಲ್ಲಿ ಎದ್ದು ಕಾಣುತ್ತದೆ.

ಆಮೇಲೆ ನಿಮ್ಮ ಹಳೆಯ ಮೇಲ್‌ಗಳಲ್ಲಿ ಅಡ್ಜಸ್ಟ್ ಅಂತ ಹುಡುಕಿ, ಸಿಕ್ಕಿದ್ದನ್ನೆಲ್ಲ ತಿದ್ದಿ ಬರೆಯಿರಿ. ಶುರು ಮಾಡಲು ಮೂರು ವಾಕ್ಯ ಕೊಡುತ್ತೇನೆ. ಉತ್ತರ ನೋಡುವ ಮುಂಚೆ ನೀವೇ ಒಮ್ಮೆ ಪ್ರಯತ್ನಿಸಿ.

‘ಎಸಿ ಸ್ವಲ್ಪ ಅಡ್ಜಸ್ಟ್ ಮಾಡಿ.’ ಏನನ್ನು? ಎಸಿಯನ್ನು. ‘ಕುಡ್ ಯು ಅಡ್ಜಸ್ಟ್ ದ ಎಸಿ, ಪ್ಲೀಸ್?’

‘ಹಳ್ಳಿಯಿಂದ ಬಂದ ಅಪ್ಪ ಬೆಂಗಳೂರಿನ ಜೀವನಕ್ಕೆ ಇನ್ನೂ ಅಡ್ಜಸ್ಟ್ ಆಗಿಲ್ಲ.’ ಯಾವುದಕ್ಕೆ? ಜೀವನಕ್ಕೆ. ‘ಮೈ ಫಾದರ್ ಹ್ಯಾಸ್ ನಾಟ್ ಅಡ್ಜಸ್ಟೆಡ್ ಟು ಲಿವಿಂಗ್ ಇನ್ ಬೆಂಗಳೂರು ಯೆಟ್.’

‘ಟ್ಯಾಂಕರ್ ನಾಳೆ ಬರುತ್ತೆ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ.’ ಇದು ಕೆಂಪು ಗೆರೆಯದ್ದು, ಅಡ್ಜಸ್ಟ್ ಪದವೇ ಬೇಡ. ‘ದ ವಾಟರ್ ಟ್ಯಾಂಕರ್ ವಿಲ್ ಕಮ್ ಟುಮಾರೋ. ಕ್ಯಾನ್ ಯು ಮ್ಯಾನೇಜ್ ಫಾರ್ ಟುಡೇ?’